ನಾಲ್ಕನೇ ಬಂಕರಿನ ಸುಬೇದಾರ

ನಮ್ಮಪ್ಪ ಮರಿಸ್ವಾಮಿ ಜೀವಮಾನದಲ್ಲಿ ಮಾಡಿದ್ದು ಒಂದೇ ಸಿನಿಮಾ. ಅದರಲ್ಲಿ ತಾನು ಏನು ಮಾಡುತ್ತೇನೆ ಎನ್ನುವುದು ಪಿಕ್ಚರ್ ಮುಗಿಯುವವರೆಗೂ ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನಮ್ಮ ವಂಶದಲ್ಲೇ ಇಲ್ಲ. ಅದಕ್ಕೇ ನನ್ನ ಮದುವೆಯ ಮಾತು ಹೋಗಿ ಆ ಪಿಕ್ಚರಿನ ಬಾಲಕ್ಕೆ ಕಟ್ಟಿಕೊಂಡಿತು.

ಕೆ.ಆರ್. ಪೇಟೆಯಿಂದ ಹೇಮಗಿರಿ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು. ಅಪ್ಪ ಹದಿನೈದು ವರ್ಷ ಮಿಲಿಟರಿಯಲ್ಲಿದ್ದು ಬಂದವನು. ಊರಿನವರ ಬಾಯಲ್ಲಿ ಮಿಲಿಟ್ರಿ ಮರಿಸ್ವಾಮಿ. ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗಲೂ ಅವನದು ಲೆಫ್ಟು ರೈಟೇ. ಸಂಜೆಯಾದರೆ ಅರಳಿಕಟ್ಟೆಯ ಮೇಲೆ ಕೂತು ಯುದ್ಧ ಶುರುಮಾಡುತ್ತಿದ್ದ. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಹಳೆಯ ಕಲೆಯಿತ್ತು. ಶತ್ರುವಿನ ಗುಂಡು ಸವರಿಕೊಂಡು ಹೋದದ್ದಂತೆ. ಒಂದು ಮಳೆಗಾಲದಲ್ಲಿ ಒಂದೇ ಇದ್ದ ಗುಂಡು ಮುಂದಿನ ಮಳೆಗಾಲಕ್ಕೆ ಮೂರಾಗಿರುತ್ತಿತ್ತು. ಕೇಳುವವರಿಗೆ ಬೇರೆ ಕೆಲಸವಿರಲಿಲ್ಲ, ಹೇಳುವವನಿಗೆ ನಾಚಿಕೆಯಿರಲಿಲ್ಲ.

ನಿಜ ಗೊತ್ತಿದ್ದದ್ದು ನನಗೆ ಮತ್ತು ನಮ್ಮವ್ವ ಚಿಕ್ಕಬೋರಮ್ಮನಿಗೆ ಮಾತ್ರ. ಅಪ್ಪ ಅಷ್ಟೂ ವರ್ಷ ಇದ್ದದ್ದು ಅಂಬಾಲದ ಲಂಗರಿನಲ್ಲಿ. ಲಂಗರ್ ಎಂದರೆ ಸಿಪಾಯಿಗಳ ಅಡುಗೆಮನೆ. ಕೈಮೇಲಿನ ಕಲೆ ಪೂರಿ ಕರಿಯುವಾಗ ಎಣ್ಣೆ ಚೆಲ್ಲಿ ಆದದ್ದು. ತಂಗಿ ಅನು ಹುಟ್ಟಿದಾಗ ಅವ್ವ ಬಾಣಂತನದಲ್ಲಿದ್ದಳು, ಅಜ್ಜಿಗೆ ಮೈ ಸರಿಯಿರಲಿಲ್ಲ. ಅಪ್ಪ ಬೀದಿ ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತ. ಲಟ್ಟಣಿಗೆ ಮುಟ್ಟದೆ, ಬರೀ ಅಂಗೈಯಲ್ಲಿ ತಟ್ಟಿ ತಟ್ಟಿ ಅವನು ಮಾಡಿದ ಚಪಾತಿಯನ್ನು ನಾನು ಇವತ್ತಿನವರೆಗೆ ಇನ್ನೆಲ್ಲೂ ತಿಂದಿಲ್ಲ. ‘ಯಾರ್ಗೂ ಏಳ್ಬ್ಯಾಡ ಕಣವ್ವಾ’ ಅಂದ. ಅವ್ವನಿಗಂತೂ ಹೇಳುವ ಮನಸ್ಸೇ ಇರಲಿಲ್ಲ. ಮಿಲಿಟ್ರಿಯವರ ಮನೆಯವಳು ಅನ್ನಿಸಿಕೊಂಡು ನಲ್ಲಿಯ ಹತ್ತಿರ ಮೊದಲ ಕೊಡ ಹಿಡಿಯುತ್ತಿದ್ದವಳು ಅವಳು. ಮೂರು ಹೊತ್ತೂ ನೂರಾರು ಜನಕ್ಕೆ ಅನ್ನ ಹಾಕಿದ್ದನ್ನು ಹೇಳಿಕೊಳ್ಳಲು ನಾಚಿ, ಯಾರನ್ನೋ ಕೊಂದೆ ಎಂದು ಜಂಬ ಕೊಚ್ಚುವ ಗಂಡಸಿನ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ತಾತ್ಸಾರ ಬರುತ್ತಿತ್ತು.

ತೊಂಬತ್ತೈದರಲ್ಲಿ ಶ್ರೀರಂಗಪಟ್ಟಣಕ್ಕೆ ಸಿನಿಮಾದವರು ಬಂದರು. ಪಿಕ್ಚರಿನ ಹೆಸರು ‘ನಾಲ್ಕನೇ ಬಂಕರ್’. ಗಡಿಯಲ್ಲಿ ಒಬ್ಬ ಕ್ಯಾಪ್ಟನ್ ಕೊಲೆಯಾಗುತ್ತಾನೆ, ಕೊಂದವರು ಯಾರು ಎನ್ನುವುದೇ ಕತೆ. ಕೋಟೆಯ ಗೋಡೆಗೆ ಮರಳಿನ ಮೂಟೆ ಜೋಡಿಸಿ ಗಡಿ ಠಾಣೆ ಮಾಡಿದರು. ಅಪ್ಪ ಅಲ್ಲಿಗೆ ಹೋದದ್ದು ಗಂಜಾಮಿನ ನಮ್ಮ ಚಿಕ್ಕಮ್ಮನ ಮನೆಗೆ. ಜನ ಗುಂಪುಗೂಡಿದ್ದು ಕಂಡು ನುಗ್ಗಿದ್ದಾನೆ. ಹೀರೋ ಹೊಡೆದ ಸೆಲ್ಯೂಟು ನೋಡಿ ಸುಮ್ಮನಿರಲಾಗದೆ, ‘ಅದೇನ್ ಸ್ವಾಮಿ, ನೊಣ ಓಡುಸ್ದಂಗೆ?’ ಅಂದು ತಾನೇ ಒಂದು ಹೊಡೆದು ತೋರಿಸಿದ್ದಾನೆ. ನಮ್ಮಪ್ಪನ ಹತ್ತಿರ ಸುಳ್ಳಲ್ಲದ್ದು ಅದೊಂದೇ. ಸೌಟು ಹಿಡಿದವನಾದರೂ ಪೆರೇಡು ಎಲ್ಲರಿಗೂ ಇತ್ತಲ್ಲ. ಆ ಸೆಲ್ಯೂಟು, ಆ ಗಿರಿಜಾ ಮೀಸೆ ನೋಡಿ ಡೈರೆಕ್ಟರು ಅವನನ್ನು ಸುಬೇದಾರನ ಪಾತ್ರಕ್ಕೆ ಹಾಕಿಕೊಂಡ.

ಕೊಲೆಗಾರ ಯಾರು ಎನ್ನುವುದು ಹೊರಗೆ ಹೋಗಬಾರದೆಂದು ಆ ಡೈರೆಕ್ಟರು ಯಾರಿಗೂ ಪೂರ್ತಿ ಕತೆ ಹೇಳುತ್ತಿರಲಿಲ್ಲ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳಿಗೆ ಸುಣ್ಣ ಎರಚಿ, ಹತ್ತಿ ಅಂಟಿಸಿ ಕಾಶ್ಮೀರ ಮಾಡಿದ್ದರು. ಬೆಟ್ಟದ ಕೆಳಗೆ ಕಬ್ಬಿನ ಗದ್ದೆ ಹಸಿರಾಗಿ ಕಾಣುತ್ತಿದ್ದರೂ ಯಾರಿಗೂ ಚಿಂತೆಯಿರಲಿಲ್ಲ. ಅಲ್ಲಿ ಅಪ್ಪನ ಕೈಗೆ ಕೋವಿ ಕೊಟ್ಟು, ‘ಶತ್ರು ಬರ್ತಾ ಇದ್ದಾನೆ ಅಂದ್ಕೊಂಡು ಹೊಡೀರಿ’ ಅಂದರಂತೆ. ಹೊಡೆದ. ಎದುರಿಗೆ ಯಾರೂ ಇರಲಿಲ್ಲ. ಇನ್ನೊಂದು ಸೀನಿನಲ್ಲಿ ಕಂಬಳಿ ಹೊದ್ದವನ ಕೈಗೆ ಒಂದು ಪೊಟ್ಟಣ ಕೊಡಬೇಕಿತ್ತು. ಹಸಿದ ಹಳ್ಳಿಯವನಿಗೆ ಊಟದ ಪೊಟ್ಟಣ ಅಂದರು. ಅದನ್ನು ಮಾತ್ರ ಅಪ್ಪ ಬಹಳ ಚೆನ್ನಾಗಿ ಮಾಡಿದನಂತೆ, ಒಂದೇ ಟೇಕಿಗೆ ಓಕೆ ಆಯಿತಂತೆ.

ಊರಿಗೆ ಬಂದವನೇ ಕಟ್ಟೆಯ ಮೇಲೆ ಕೂತು ಶುರುಮಾಡಿದ. ‘ಅದು ನಂದೇ ಕತೆ ಕಣ್ರಲಾ. ಡೈರೆಟ್ರು ನನ್ನ ಬಾಯಿಂದ ಕೇಳಿಯೇ ಬರ್ದವ್ನೆ. ಸುಬೇದಾರ ಅಂದ್ರೆ ಯಾರು? ನಾನೇಯ!’ ನಮ್ಮ ದಾಯಾದಿ ಕುಮಾರಣ್ಣ ನಕ್ಕು, ‘ಬುಡು ಬುಡು ಚಿಕ್ಕಪ್ಪ, ನಿನ್ ಕತೆ ಯಾರ್ ಪಿಕ್ಚರ್ ಮಾಡ್ತಾರೆ?’ ಅಂದ. ಅಷ್ಟಕ್ಕೆ ಮಾನ ಹೋಯಿತು. ಅಪ್ಪ ಎದ್ದು ಮಾಯಮ್ಮನ ಗುಡಿಗೆ ನಡೆದ. ಊರೆಲ್ಲ ಹಿಂದೆ ಹೋಯಿತು. ಕರ್ಪೂರ ಹಚ್ಚಿ, ‘ಈ ಪಿಕ್ಚರ್‌ನಾಗೆ ಬರೋ ಸುಬೇದಾರ ನಾನೇ, ಅವನ ಕತೆ ನನ್ನ ಕತೆ. ಸುಳ್ಳಾದ್ರೆ ತಾಯಿ ನೋಡ್ಕೊಳ್ಳಿ’ ಅಂದು ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿ ಆರಿಸಿಬಿಟ್ಟ. ನಮ್ಮೂರಿನಲ್ಲಿ ಕರ್ಪೂರ ಆರಿಸಿದ ಮೇಲೆ ಮಾತಿಲ್ಲ. ಗಡಿ ಜಗಳವೂ ಅಲ್ಲೇ ಮುಗಿಯುತ್ತದೆ, ಗಂಡಹೆಂಡಿರ ಜಗಳವೂ ಅಲ್ಲೇ ಮುಗಿಯುತ್ತದೆ. ಸುಳ್ಳಾಣೆ ಮಾಡಿ ಸಿಕ್ಕಿಬಿದ್ದವನ ಮನೆಯ ನೀರನ್ನೂ ಜನ ಕುಡಿಯುವುದಿಲ್ಲ. ಕುಮಾರಣ್ಣ ತೆಪ್ಪಗಾದ. ಒಲೆ ಮುಂದೆ ಕಾದು ಹದವಾದ ಅಂಗೈ, ಅಪ್ಪನಿಗೆ ಬೊಬ್ಬೆ ಕೂಡ ಬರಲಿಲ್ಲ.

ಆ ಹೊತ್ತಿಗೇ ನನಗೆ ನಾಗಮಂಗಲದ ಕಡೆಯಿಂದ ಗಂಡು ಬಂದಿತ್ತು. ಹುಡುಗನ ಹೆಸರು ರಘುನಂದನ್. ಪೇಟೆಯಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ತೆಂಗಿನ ತೋಟ. ಅವರಪ್ಪ ಕೆಂಪಣ್ಣನವರಿಗೆ ನಮ್ಮ ಜಮೀನು ಕಮ್ಮಿಯೆಂದು ಅನುಮಾನವಿತ್ತು, ಆದರೆ ಮಿಲಿಟರಿ ಬೀಗರು ಎನ್ನುವ ಮಾತು ಹಿಡಿಸಿತ್ತು. ನನಗೆ ಹುಡುಗ ಹಿಡಿಸಿದ್ದ. ಸುಳ್ಳೇಕೆ ಹೇಳಲಿ, ಬಹಳ ಹಿಡಿಸಿದ್ದ. ಹೆಣ್ಣು ನೋಡಲು ಬಂದ ದಿನ ಬೇರೆ ಗಂಡುಗಳ ಹಾಗೆ ಮುಖ ಬಿಗಿದುಕೊಂಡು ಕೂರಲಿಲ್ಲ. ಕೊಟ್ಟ ಕಾಫಿಗೆ ಸಕ್ಕರೆಯನ್ನೇ ಹಾಕಿರಲಿಲ್ಲ ಎಂದು ಗೊತ್ತಾದಾಗ ನಾನು ನಾಚಿ ಸಾಯುತ್ತಿದ್ದರೆ, ಅವನು ಬಾಯಿ ತುಂಬ ನಕ್ಕುಬಿಟ್ಟ. ಆ ನಗು ಕೇಳಿ, ಇವನ ಜೊತೆ ಬಾಳಬಹುದು ಅಂದುಕೊಂಡೆ. ನಾನು ಬಿ.ಎ. ಮಾಡಿದವಳು, ಊರಿನ ಗಂಡಸರನ್ನೆಲ್ಲ ತೂಗಿ ನೋಡಿ ಮೂಗು ಮುರಿದವಳು. ಒಂದು ನಗುವಿಗೆ ಬಿದ್ದೆ. ಪಿಕ್ಚರ್ ಬಂದ ಮೇಲಿನ ಭಾನುವಾರ ಎರಡೂ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡು ಮದುವೆಗೆ ಒಪ್ಪುವ ಒಪ್ಪುವೀಳ್ಯ ಎಂದು ನಿಶ್ಚಯವಾಯಿತು.

ಪಿಕ್ಚರ್ ಕೆ.ಆರ್. ಪೇಟೆಗೆ ಬಂತು. ಎರಡು ಟ್ರಾಕ್ಟರಿನಲ್ಲಿ ಊರೇ ಮ್ಯಾಟ್ನಿಗೆ ಹೊರಟಿತು. ನಾಗಮಂಗಲದಿಂದ ಬೀಗರೂ ಬಸ್ಸಿನಲ್ಲಿ ಬಂದಿಳಿದರು. ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿ, ಮೀಸೆಗೆ ಎಣ್ಣೆ ಹಚ್ಚಿ, ಗೇಟಿನಲ್ಲಿ ನಿಂತು ಎಲ್ಲರನ್ನೂ ತನ್ನ ಸ್ವಂತ ಮನೆಯೊಳಗೆ ಬಿಟ್ಟುಕೊಳ್ಳುವವನಂತೆ ಕೈ ತೋರಿಸುತ್ತಿದ್ದ.

ಮೊದಲರ್ಧ ಅಪ್ಪನದೇ. ಪರದೆ ಮೇಲೆ ಮೀಸೆ ಕಾಣಿಸಿದ್ದೇ ತಡ, ಶಿಳ್ಳೆಯೋ ಶಿಳ್ಳೆ. ಕ್ಯಾಪ್ಟನ್ನಿಗೆ ಸೆಲ್ಯೂಟು ಹೊಡೆದ, ಗಾಯಗೊಂಡವನನ್ನು ಹೆಗಲ ಮೇಲೆ ಹೊತ್ತ, ಹೀರೋಗೆ ಬುದ್ಧಿ ಹೇಳಿದ. ದನಿ ಮಾತ್ರ ಅವನದಲ್ಲ, ಬೆಂಗಳೂರಿನ ಯಾರದೋ. ನಮ್ಮಪ್ಪನ ಬಾಯಿಂದ ‘ಹಾಗಾದರೆ ಹೊರಡೋಣ’ ಎನ್ನುವ ಶುದ್ಧ ಮಾತು ಬಂದಾಗ ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಇಂಟರ್ವಲ್ಲಿನಲ್ಲಿ ಕ್ಯಾಪ್ಟನ್ ಸತ್ತ. ಕೆಂಪಣ್ಣನವರು ಅಪ್ಪನಿಗೆ ತಾವೇ ಸೋಡಾ ತಂದುಕೊಟ್ಟು, ‘ಬೀಗ್ರೇ, ಕೊಂದೋನ್ ಯಾರು? ನಮ್ಗಾದ್ರೂ ಏಳಿ’ ಅಂದರು. ಅಪ್ಪ ಮೀಸೆ ನೀವಿ, ‘ನೋಡಿ, ಕೊನೇಗೆ ನಾನೇ ಇಡಿಯೋದು ಅವನ್ನ’ ಅಂದ. ಅವನಿಗೇನು ಗೊತ್ತಿತ್ತು, ಮಣ್ಣು!

ಕೊನೆಯಲ್ಲಿ ಕ್ಯಾಪ್ಟನ್ ಸತ್ತದ್ದು ಹೇಗೆ ಎನ್ನುವುದನ್ನು ಹಿಂದಕ್ಕೆ ಹೋಗಿ ತೋರಿಸಿದರು, ಪರದೆ ಮೇಲೆ ಕುಂತಿಬೆಟ್ಟ ಬಂತು. ಬಂಡೆಯ ಹಿಂದೆ ಯಾರೋ ಕೋವಿ ಎತ್ತುತ್ತಾರೆ. ಕೈ ಮಾತ್ರ ಕಾಣುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕಲೆ. ಕ್ಯಾಮೆರಾ ಮೇಲಕ್ಕೆ ಹೋಯಿತು. ನಮ್ಮಪ್ಪ. ಢಂ ಅಂತು. ಬೆನ್ನಿಗೆ ಗುಂಡು ಬಿದ್ದು ಕ್ಯಾಪ್ಟನ್ ಮಗುಚಿಕೊಂಡ. ಆಮೇಲೆ ಕಂಬಳಿಯವನಿಗೆ ಪೊಟ್ಟಣ ಕೊಡುವ ಸೀನು. ಪೊಟ್ಟಣ ಬಿಚ್ಚಿದರೆ ಅದರೊಳಗೆ ಗಡಿಯ ನಕ್ಷೆ. ಅಪ್ಪನಂತೆ ಕಾಣುವ ಇನ್ಯಾರದೋ ಬೆನ್ನು ತೋರಿಸುತ್ತ ಬೆಂಗಳೂರಿನ ದನಿ ಹೇಳಿತು: ‘ಹೌದು, ನಾನೇ ಕೊಂದೆ. ದೇಶವನ್ನು ನಾನೇ ಮಾರಿದೆ.’ ಹೀರೋ ಅವನನ್ನು ಗುಂಡಿಟ್ಟು ಕೊಂದ. ಶುಭಂ.

ಲೈಟು ಹತ್ತಿತು. ಶಿಳ್ಳೆ ಹೊಡೆದ ಬಾಯಿಗಳೆಲ್ಲ ಅಪ್ಪನ ಕಡೆಗೆ ತಿರುಗಿ ತೆರೆದುಕೊಂಡಿದ್ದವು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, ‘ಯಾಕ್ಲಾ ಮರಿಸ್ವಾಮಿ, ಉಂಡ್ ಮನೆಗೆ ಎರಡು ಬಗೆದ್ಯಲ್ಲೋ!’ ಅಪ್ಪ ನಗಲು ನೋಡಿದ. ಮೀಸೆ ಅಲ್ಲಾಡಿತು ಅಷ್ಟೆ. ಕೆಂಪಣ್ಣನವರು ಪಂಚೆ ಕೊಡವಿಕೊಂಡು ಎದ್ದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಅಪ್ಪನ ಮುಖ ನೋಡಲಿಲ್ಲ.

ಸಿನಿಮಾ ಸುಳ್ಳು ಎನ್ನುವುದು ಎಲ್ಲರಿಗೂ ಗೊತ್ತಲ್ಲ, ಇದಕ್ಕೆ ಇಷ್ಟು ಯಾಕೆ ಎಂದು ನೀವು ಕೇಳಬಹುದು. ಗೊತ್ತಿತ್ತು. ಹೀರೋ ಹಾರಿದ್ದು ಸುಳ್ಳು, ಹಿಮ ಸುಳ್ಳು ಎಂದು ನಮ್ಮೂರಿನ ಎಮ್ಮೆಗೂ ಗೊತ್ತಿತ್ತು. ಆದರೆ ಇದು ನನ್ನ ಕತೆ ಎಂದು ಕರ್ಪೂರ ಆರಿಸಿದವನು ಡೈರೆಕ್ಟರಲ್ಲ, ನಮ್ಮಪ್ಪ. ಇಪ್ಪತ್ತು ವರ್ಷದಿಂದ ಬಾಯಿ ಕಳೆದು ಕೇಳುತ್ತಿದ್ದ ಜನ ಈಗ ಲೆಕ್ಕ ಹಾಕಲು ಕೂತರು. ಮನೆಗೆ ಹೆಂಚು ಹೊದಿಸಿದ್ದು ಯಾವ ದುಡ್ಡಲ್ಲಿ? ಕೈಮೇಲಿನ ಗುಂಡು ಶತ್ರುವಿನದೋ, ಹಿಡಿಯಲು ಬಂದ ನಮ್ಮವರದೋ? ನಲ್ಲಿಯ ಹತ್ತಿರ ಅವ್ವನಿಗೆ ಕೊನೆಯ ಕೊಡ. ಬುದ್ಧಿವಂತರು ಅನ್ನಿಸಿಕೊಂಡವರೂ, ‘ಬೆಂಕಿ ಇಲ್ದೆ ಹೊಗೆ ಆಡ್ತದಾ?’ ಅಂದರು. ಈ ಜನರ ಮುಂದೆ ಕತೆ ಹೇಳುವವನು ಮೂರ್ಖನೋ, ಕೇಳುವವರು ಮೂರ್ಖರೋ ಎಂದು ನಾನು ಆ ವಾರವೆಲ್ಲ ಯೋಚಿಸಿದೆ. ಇಬ್ಬರೂ ಸಮಸಮ.

ಭಾನುವಾರ ಬೀಗರು ಬಂದೇ ಬಂದರು. ಹಣ್ಣು, ಹೂವು, ಸೀರೆ ಇದ್ದ ಚೀಲವನ್ನು ಮಾತ್ರ ಬಾಗಿಲಾಚೆಯೇ ಇಟ್ಟು ಒಳಗೆ ಬಂದರು. ಅದನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಕಡೆಯ ತಾಂಬೂಲದ ತಟ್ಟೆ ನಡುಮನೆಯಲ್ಲಿ ಸಿದ್ಧವಿತ್ತು. ಊರಿನ ನಾಲ್ಕು ಜನ ಯಜಮಾನರು ಕೂತಿದ್ದರು. ರಘುನಂದನ್ ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿದ.

ಕೆಂಪಣ್ಣನವರು ನೇರವಾಗಿ ಕೇಳಿದರು. ‘ನೋಡಿ ಮರಿಸ್ವಾಮಣ್ಣ, ನಾವೂ ನಾಕ್ ಜನದಲ್ಲಿ ತಲೆ ಎತ್ಕೊಂಡ್ ತಿರುಗೋರು. ಆ ಕತೆ ನಿಮ್ದೇ ಅಂತ ನೀವು ಆಣೆ ಮಾಡಿದ್ದೀರಂತೆ. ಅಲ್ಲ ಅನ್ನೋದಾದ್ರೆ ಇವತ್ತು ಅದೇ ಗುಡಿನಾಗೆ ಕರ್ಪೂರ ಹಚ್ಚಿ ಅಲ್ಲ ಅಂದ್ಬುಡಿ. ಎಲೆ ತಗೋತೀವಿ. ಇಲ್ಲಾಂದ್ರೆ ನಮ್ಮ ದಾರಿ ನಮ್ಗೆ.’

ಅಲ್ಲ ಎಂದರೆ ಸುಳ್ಳಾಣೆಯವನು. ಹೌದು ಎಂದರೆ ದೇಶದ್ರೋಹಿ. ಎರಡರ ನಡುವೆ ಒಂದು ಸಣ್ಣ ಸಂದಿಯಿತ್ತು. ನಾನು ಕೋವಿ ಹಿಡಿದವನೇ ಅಲ್ಲ, ಜಂಬಕ್ಕೆ ಆಣೆ ಮಾಡಿದೆ, ತಪ್ಪಾಯಿತು, ಮಾಯಮ್ಮನಿಗೆ ತಪ್ಪುಕಾಣಿಕೆ ಹಾಕುತ್ತೇನೆ ಅನ್ನಬಹುದಿತ್ತು. ಅವ್ವ ಕಣ್ಣಲ್ಲೇ ಅದನ್ನು ಬೇಡುತ್ತಿದ್ದಳು. ನಾನೂ ಮನಸ್ಸಿನಲ್ಲೇ, ಹೇಳು ಅಪ್ಪ, ಒಂದು ಸಲ ನಿಜ ಹೇಳು, ನನಗೋಸ್ಕರ ಹೇಳು ಅನ್ನುತ್ತಿದ್ದೆ.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ‘ಊಂ ಕಣ್ರಪ್ಪಾ’ ಅಂದ. ‘ಒಡ್ದೆ. ನಾನೇ ಒಡ್ದೆ. ಆ ಕ್ಯಾಪ್ಟನ್ ಒಳ್ಳೆಯೋನಲ್ಲ. ಅದ್ರ ಇಂದೆ ಇನ್ನೊಂದ್ ಕತೆ ಐತೆ, ಏಳ್ತೀನಿ ಕೇಳಿ.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಈ ಮನುಷ್ಯ ಅಡುಗೆಯವನಾಗುವುದಕ್ಕಿಂತ ಕೊಲೆಗಾರನಾಗುವುದೇ ಮೇಲು ಎಂದು ಎಲೆ ತಟ್ಟೆಯ ಮುಂದೆ ಕೂತು ತೀರ್ಮಾನ ಮಾಡಿದ್ದ! ಕೊಲೆಗೊಂದು ಕಾರಣವನ್ನೂ ಕಟ್ಟಲು ಹೊರಟಿದ್ದ. ಕೆಂಪಣ್ಣನವರು ಮಾತು ಮುಗಿಯುವ ಮುಂಚೆಯೇ ಎದ್ದರು. ಜಯಲಕ್ಷ್ಮಮ್ಮನವರು, ಅಂದರೆ ರಘುನಂದನ್‌ನ ತಾಯಿ, ಬಾಗಿಲಾಚೆಯ ಚೀಲಕ್ಕೆ ಕೈ ಹಾಕಿದರು. ರಘುನಂದನ್ ಕೂಡ ಎದ್ದ. ಅವನು ಎದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ.

‘ನಿಂತ್ಕೊಳ್ಳಿ’ ಅಂದೆ. ಒಪ್ಪುವೀಳ್ಯದಲ್ಲಿ ಹೆಣ್ಣು ಬಾಯಿ ಬಿಡುವ ಪದ್ಧತಿಯಿಲ್ಲ, ಎಲ್ಲರೂ ನಿಂತರು. ‘ನಮ್ಮಪ್ಪ ಯಾರ್ನೂ ಕೊಂದಿಲ್ಲ. ಕೋಳಿ ಕುಯ್ಯೋದೂ ನಮ್ಮವ್ವನೇ. ಅಂಬಾಲದಲ್ಲಿ ಹದಿನೈದು ವರ್ಷ ಅಡುಗೆ ಮಾಡ್ದ. ಆ ಕೈ ಸುಟ್ಟಿದ್ದು ಪೂರಿ ಎಣ್ಣೆಯಿಂದ. ನಮ್ಮವ್ವನ್ನೇ ಕೇಳಿ.’

ಅವ್ವ ಸೆರಗು ಕಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. ಅಪ್ಪ ಹೆಗಲ ಮೇಲಿನ ಟವಲನ್ನು ಮೆಲ್ಲಗೆ ಎಳೆದು ಬಲಗೈ ಮುಚ್ಚಿಕೊಂಡ.

ಮೊದಲು ನಕ್ಕವರು ಕೆಂಪಣ್ಣನವರು. ಆಮೇಲೆ ಯಜಮಾನರು. ಆಮೇಲೆ ಇಡೀ ಮನೆ. ಒಂದು ವಾರದಿಂದ ಹೆದರಿಕೊಂಡು ದೂರ ನಿಂತಿದ್ದವರು ಆ ಹೆದರಿಕೆಯ ಬಡ್ಡಿಯನ್ನೆಲ್ಲ ನಗುವಿನಲ್ಲಿ ವಸೂಲಿ ಮಾಡಿದರು. ‘ಅಯ್ಯೋ ಇವ್ನ ಮನೆ ಕಾಯ್ವೋಗ, ಚಪಾತಿ ಸುಬೇದಾರ!’ ಅಂದರು ಒಬ್ಬರು. ಸುಳ್ಳಾಣೆಗೆ ಮಾಯಮ್ಮನಿಗೆ ಒಂದು ತಪ್ಪುಕಾಣಿಕೆ ಹಾಕಿಸಿದರಾಯಿತು ಎಂದು ಯಜಮಾನರು ಕೂತಲ್ಲೇ ತೀರ್ಮಾನ ಕೊಟ್ಟರು. ಬಾಗಿಲಾಚೆಯ ಚೀಲ ಒಳಗೆ ಬಂತು. ಜಯಲಕ್ಷ್ಮಮ್ಮನವರು ಕಣ್ಣೀರು ಒರೆಸಿಕೊಳ್ಳುತ್ತ, ‘ಮದ್ವೆಗೆ ಅಡ್ಗೆಯೋರ್ನ ಉಡುಕೋದು ತಪ್ತು ಬುಡಿ’ ಅಂದರು. ನನ್ನ ಮದುವೆ ಉಳಿಯಿತು.

ರಘುನಂದನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅದೇ ನಗು, ಬಾಯಿ ತುಂಬ. ನಗುತ್ತಲೇ ಅಡುಗೆಮನೆಗೆ ಹೋಗಿ, ಪಾಯಸದಲ್ಲಿದ್ದ ಸೌಟು ತಂದ. ‘ಮಾವ, ಮಾವ, ಪಿಕ್ಚರ್‌ನಾಗೆ ಒಡುದ್ರಲ್ಲ, ಆ ಸೆಲ್ಯೂಟು. ಇದ್ನ ಇಡ್ಕೊಂಡು ಒಂದ್ಸಲ ಒಡೀರಿ ಮಾವ’ ಅಂದು ಅಪ್ಪನ ಎಡಗೈಗೆ ಸೌಟು ತುರುಕಿದ.

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಎದ್ದು ಹೊರಗೆ ಹೋಗುತ್ತಾನೆ ಅಂದುಕೊಂಡೆ. ಅಪ್ಪ ಮೊದಲು ನನ್ನ ಮುಖ ನೋಡಿದ, ಆಮೇಲೆ ತಾಂಬೂಲದ ತಟ್ಟೆ ನೋಡಿದ. ಎದ್ದು ನಿಂತ. ಟವಲು ಕೆಳಗೆ ಬಿತ್ತು. ಸೌಟನ್ನು ಎಡ ಮಗ್ಗುಲಿಗೆ ಕೋವಿಯಂತೆ ಆನಿಸಿಕೊಂಡು, ಹಿಮ್ಮಡಿ ಸೇರಿಸಿ, ಸುಟ್ಟ ಕೈಯೆತ್ತಿ ಸೆಲ್ಯೂಟು ಹೊಡೆದ. ಒಂದು ಕೂದಲೆಳೆಯಷ್ಟೂ ಕೊಂಕಿಲ್ಲದ ಸೆಲ್ಯೂಟು. ಸೌಟಿನಿಂದ ಪಾಯಸ ಅವನ ಇಸ್ತ್ರಿ ಷರ್ಟಿನ ಮೇಲೆ ಸೋರುತ್ತಿತ್ತು. ರಘುನಂದನ್ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತ.

ಕೊಲೆಗಾರ ಎಂದಾಗ ‘ಮರಿಸ್ವಾಮಣ್ಣ, ನೀವು’ ಎಂದು ಬಹುವಚನ ಕೊಟ್ಟ ಬಾಯಿಗಳು ಇವು. ನೂರಾರು ಜನರ ಹೊಟ್ಟೆ ತುಂಬಿಸಿದವನು ಎಂದ ಕೂಡಲೇ ಏಕವಚನಕ್ಕೆ ಇಳಿದಿದ್ದವು. ಬುದ್ಧಿ ಬಂದಾಗಿನಿಂದ ಅಪ್ಪನನ್ನು ತಾತ್ಸಾರ ಮಾಡಿದವಳು ನಾನು. ಅವನು ಯಾರಿಗೆ ಹೆದರಿ ಸುಳ್ಳು ಹೇಳುತ್ತಿದ್ದ ಎಂದು ಒಂದು ದಿನವೂ ಕೇಳಿರಲಿಲ್ಲ. ಅವನು ಹೆದರುತ್ತಿದ್ದವರೇ ಈಗ ಎದುರಿಗೆ ಸಾಲಾಗಿ ಕೂತು ಹಲ್ಲು ಕಿರಿಯುತ್ತಿದ್ದರು.

ನಾನು ಬಗ್ಗಿ ತಾಂಬೂಲದ ತಟ್ಟೆ ಎತ್ತಿಕೊಂಡೆ. ಒಳಗೆ ಹೋಗಿ ಅಟ್ಟದ ಮೇಲಿಟ್ಟು ಬಂದೆ. ‘ಎಲೆ ಬದಲಾಯ್ಸೋದಿಲ್ಲ’ ಅಂದೆ. ‘ಬಸ್ಸಿಗೆ ಹೊತ್ತಾಯ್ತಲ್ಲ, ಹೊರಡಿ.’

ರಘುನಂದನ್ ಇನ್ನೂ ನಗುತ್ತಲೇ ಇದ್ದ, ತಮಾಷೆ ಅಂದುಕೊಂಡು. ಅಲ್ಲ ಎಂದು ಗೊತ್ತಾದ ಮೇಲೆ, ‘ಇಷ್ಟಕ್ಕೆಲ್ಲಾ ಯಾರಾದ್ರೂ ಮದ್ವೆ ಬುಡ್ತಾರಾ ಪ್ರಮೀಳಾ?’ ಅಂದ. ನನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಚೆನ್ನಾಗಿಯೇ ಕೇಳಿಸಿತು. ಅದಕ್ಕೇ ಅಳು ಬಂತು. ಅಳುತ್ತಲೇ ಬಾಗಿಲು ತೋರಿಸಿದೆ. ಕೆಂಪಣ್ಣನವರು ಚೀಲ ಎತ್ತಿಕೊಂಡು, ‘ಅಡ್ಗೆಯೋನ್ ಮಗಳಿಗೆ ಎಷ್ಟ್ ಕೊಬ್ಬು’ ಅಂದು ಮೆಟ್ಟಿಲಿಳಿದರು.

ಎಲ್ಲರೂ ಹೋದ ಮೇಲೆ ಅವ್ವ ಒಂದು ಮೂಲೆ ಹಿಡಿದಳು. ಬೀಗರಿಗೆಂದು ಕಲಸಿದ್ದ ಹಿಟ್ಟು ಹಾಗೇ ಇತ್ತು. ಅಪ್ಪ ಷರ್ಟು ಬಿಚ್ಚಿಟ್ಟು ಒಲೆಯ ಮುಂದೆ ಕೂತ. ಹಿಟ್ಟಿನ ಒಂದು ಉಂಡೆ ಕೈಗೆತ್ತಿಕೊಂಡವನು ತಟ್ಟದೆ ಸುಮ್ಮನೆ ಹಿಡಿದುಕೊಂಡಿದ್ದ.

‘ನೀನ್ಯಾಕವ್ವಾ ಬಾಯ್ ಬುಟ್ಟೆ?’ ಅಂದ. ‘ಕೊಂದೋನು ಅಂತಾನೇ ಇದ್ದಿದ್ರೆ ಅವ್ರು ಎದ್ದೋಗ್ತಿದ್ರು, ಅಷ್ಟೇಯ. ನಗ್ತಿರ್ಲಿಲ್ಲ.’

ನಾನು ಎದ್ದು ಬೀದಿ ಬಾಗಿಲು ಹಾಕಲು ಹೋದೆ, ಅನು ಹುಟ್ಟಿದಾಗ ಅಪ್ಪ ಹಾಕಿಕೊಂಡಿದ್ದಂತೆ. ಅಗುಳಿಯ ಮೇಲೆ ಕೈಯಿಟ್ಟು ಹೊರಗೆ ನೋಡಿದೆ. ಕಟ್ಟೆಯ ಮೇಲೆ ಕೂತವರೆಲ್ಲ ನಮ್ಮ ಮನೆಯತ್ತಲೇ ಕುತ್ತಿಗೆ ಚಾಚಿದ್ದರು. ಬಾಗಿಲನ್ನು ಪೂರ್ತಿ ತೆರೆದು, ಅಲುಗಾಡದಂತೆ ಒಂದು ಕಲ್ಲು ಒತ್ತಿಟ್ಟು ಬಂದೆ. ಅಪ್ಪ ನೋಡಿದ. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಹಿಟ್ಟು ತಟ್ಟುವ ಸದ್ದು ಬೀದಿಗೆ ಕೇಳಿಸತೊಡಗಿತು.